ಕ್ರೆಬ್ಸ್ ಸೈಕಲ್ ನಕ್ಷೆ ಕೈಗೆ ಕೊಡಿ, ಪ್ರಶ್ನೆ ಬದಲಿಸಿ: ಭಾವಿ ಡಾಕ್ಟರ್‌ಗಳಿಗೆ ಬಯೋಕೆಮಿಸ್ಟ್ರಿ ಕಲಿಸುವುದು ಹೇಗೆ?

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ತಮಿಳುನಾಡಿನ ಊರುಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರಲ್ಲಿ ಬಹುತೇಕರು ಕೂಲಿ ಮಾಡಿ ಬದುಕುವವರು. ಕೊಂದಿದ್ದು ಮೆಥನಾಲ್.

ಈ ಮೆಥನಾಲ್‌ನಲ್ಲಿ ಒಂದು ವಿಚಿತ್ರ ಇದೆ. ಹೊಟ್ಟೆಗೆ ಹೋದ ತಕ್ಷಣ ಅದು ಕೊಲ್ಲುವುದಿಲ್ಲ. ಅದನ್ನು ಘೋರ ವಿಷವಾಗಿ ಬದಲಾಯಿಸುವುದು ನಮ್ಮದೇ ಲಿವರ್. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅನ್ನೋ ಎಂಜೈಮ್ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತೆ, ಇನ್ನೊಂದು ಎಂಜೈಮ್ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತೆ. ಆ ಆಮ್ಲ ಕಣ್ಣಿನ ನರವನ್ನು ಹಾಳು ಮಾಡುತ್ತೆ, ರಕ್ತದ ಆಮ್ಲೀಯತೆಯನ್ನು ಏರಿಸುತ್ತೆ, ಕೊನೆಗೆ ಜೀವ ತೆಗೆಯುತ್ತೆ. ಚಿಕಿತ್ಸೆ ಏನು? ಫೋಮೆಪಿಝೋಲ್ ಅನ್ನೋ ದುಬಾರಿ ಔಷಧಿ ಇದೆ. ಅದು ಸಿಗದ ಕಡೆ ಡಾಕ್ಟರ್‌ಗಳು ಕೊಡುವುದು ಎಥನಾಲ್. ಅಂದ್ರೆ ಮಾಮೂಲಿ ಮದ್ಯದಲ್ಲಿರುವ ಅದೇ ಆಲ್ಕೋಹಾಲ್, ಲೆಕ್ಕ ಹಾಕಿ, ಅಳತೆ ಮಾಡಿ. ಆ ಎಂಜೈಮ್‌ಗೆ ಮೆಥನಾಲ್‌ಗಿಂತ ಎಥನಾಲ್ ಮೇಲೆ ಒಲವು ಎಷ್ಟೋ ಪಟ್ಟು ಜಾಸ್ತಿ. ಅದು ಎಥನಾಲ್ ಹಿಂದೆ ಬಿದ್ದಿರುವಾಗ ಮೆಥನಾಲ್ ಹಾಗೇ ಉಳಿದು, ನಿಧಾನಕ್ಕೆ ದೇಹದಿಂದ ಹೊರಹೋಗುತ್ತೆ ಅಥವಾ ಡಯಾಲಿಸಿಸ್‌ನಲ್ಲಿ ಹೊರತೆಗೆಯಬಹುದು.

ಬಯೋಕೆಮಿಸ್ಟ್ರಿ ಪುಸ್ತಕದಲ್ಲಿ ಇದಕ್ಕೆ ಕಾಂಪಿಟಿಟಿವ್ ಇನ್ಹಿಬಿಷನ್ ಎನ್ನುತ್ತಾರೆ. ಎಂಬಿಬಿಎಸ್ ಮೊದಲ ವರ್ಷದ ಮೊದಮೊದಲ ಅಧ್ಯಾಯಗಳಲ್ಲೇ ಇದು ಬರುತ್ತೆ.

ಮೊದಲ ವರ್ಷ ಮುಗಿಸುತ್ತಿದ್ದ ನನ್ನ ಚಿಕ್ಕಪ್ಪನ ಮಗಳನ್ನು ಹೋದ ವರ್ಷ ಈ ಬಗ್ಗೆ ಕೇಳಿದೆ. ಕಾಂಪಿಟಿಟಿವ್ ಇನ್ಹಿಬಿಷನ್ ಅಂದ್ರೇನು? ತಟ್ಟನೆ ಉತ್ತರ ಬಂತು. ವಿ-ಮ್ಯಾಕ್ಸ್ ಬದಲಾಗಲ್ಲ, ಕೆಎಂ ಜಾಸ್ತಿ ಆಗುತ್ತೆ. ಹಾಳೆ ತೆಗೆದು ಗ್ರಾಫ್ ಕೂಡ ಬರೆದಳು. ಸರಿ, ಕಳ್ಳಭಟ್ಟಿ ಕುಡಿದು ಬಂದವನಿಗೆ ಮತ್ತೆ ಆಲ್ಕೋಹಾಲ್ ಯಾಕೆ ಕೊಡ್ತಾರೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮಗಿನ್ನೂ ಬಂದಿಲ್ಲ ಅಣ್ಣ, ಮುಂದೆ ಫೊರೆನ್ಸಿಕ್‌ನಲ್ಲಿ ಬರುತ್ತಂತೆ" ಅಂದಳು.

ಅವಳು ದಡ್ಡಿಯಲ್ಲ. ನೀಟ್‌ನಲ್ಲಿ ಒಳ್ಳೆ ರ‍್ಯಾಂಕ್ ತೆಗೆದವಳು. ಅವಳ ಹತ್ತಿರ ಉತ್ತರವೂ ಇತ್ತು. ಇದು ಆ ಪ್ರಶ್ನೆಯ ಉತ್ತರ ಎಂದು ಯಾರೂ ಹೇಳಿರಲಿಲ್ಲ, ಅಷ್ಟೆ. ನಾನೂ ಇಂಜಿನಿಯರಿಂಗ್‌ನಲ್ಲಿ ಫೂರಿಯರ್ ಟ್ರಾನ್ಸ್‌ಫಾರ್ಮ್ ಲೆಕ್ಕಗಳನ್ನು ಪಟಪಟ ಬಿಡಿಸಿ, ಅದು ಯಾತಕ್ಕೆ ಅಂತ ಗೊತ್ತಿಲ್ಲದೆಯೇ ಪಾಸಾದವನು. ಆದರೆ ನನ್ನ ಅಜ್ಞಾನದಿಂದ ಯಾರೂ ಸಾಯಲಿಲ್ಲ. ಡಾಕ್ಟರ್‌ಗಳ ವಿಷಯ ಹಾಗಲ್ಲವಲ್ಲ.

ಕಾಗದದ ಮೇಲೆ ಎಲ್ಲ ಸರಿಯಾಗಿದೆ

ಇದು ಹೊಸ ದೂರಲ್ಲ. 1910ರಲ್ಲಿ ಅಮೆರಿಕದಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ವರದಿ ಬಂದಾಗ, ಡಾಕ್ಟರ್ ಆಗುವವರು ಮೊದಲು ಪ್ರಯೋಗಾಲಯದಲ್ಲಿ ವಿಜ್ಞಾನ ಕಲಿತು ಆಮೇಲೆ ಆಸ್ಪತ್ರೆಗೆ ಹೋಗಬೇಕು ಎಂಬ ಮಾದರಿ ಗಟ್ಟಿಯಾಯಿತು. ಬೀದಿಗೊಂದು ಕಳಪೆ ಮೆಡಿಕಲ್ ಕಾಲೇಜಿದ್ದ ಕಾಲದಲ್ಲಿ ಅದು ದೊಡ್ಡ ಸುಧಾರಣೆಯೇ. ಆದರೆ ಅದರ ಅಡ್ಡಪರಿಣಾಮವನ್ನು ಇವತ್ತಿಗೂ ಅನುಭವಿಸುತ್ತಿದ್ದೇವೆ. ಕಾರಣಗಳನ್ನು ಮೊದಲ ವರ್ಷದಲ್ಲಿ ಕಲಿಯುತ್ತಾರೆ, ರೋಗಿಯನ್ನು ನೋಡುವ ಹೊತ್ತಿಗೆ ಆ ಕಾರಣಗಳು ಮರೆತಿರುತ್ತವೆ.

ನಮ್ಮಲ್ಲಿ 1997ರ ನಿಯಮಾವಳಿ ಮೊದಲ ಹಂತವನ್ನು ಒಂದೂವರೆ ವರ್ಷದಿಂದ ಒಂದು ವರ್ಷಕ್ಕೆ ಇಳಿಸಿತು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಬಯೋಕೆಮಿಸ್ಟ್ರಿ ಮೂರನ್ನೂ ಹನ್ನೆರಡು ತಿಂಗಳಲ್ಲಿ ತುಂಬಬೇಕು. 2019ರಲ್ಲಿ ಸಾಮರ್ಥ್ಯಾಧಾರಿತ ಪಠ್ಯಕ್ರಮ ಬಂತು. ಓದಿದ್ದು ಎಷ್ಟು ಎಂಬುದಕ್ಕಿಂತ ಮಾಡಲು ಬರುವುದು ಏನು ಎಂಬುದನ್ನು ಅಳೆಯಬೇಕು ಎನ್ನುವುದು ಅದರ ಆಶಯ. ಅದರಲ್ಲಿ ಬಯೋಕೆಮಿಸ್ಟ್ರಿಗೆ ಸಿಕ್ಕಿದ್ದು 250 ಗಂಟೆ. ಅನಾಟಮಿಗೆ 675. ಆ 250ರಲ್ಲಿ ಉಪನ್ಯಾಸ ಬರೀ 80 ಗಂಟೆ. 150 ಗಂಟೆ ಸಣ್ಣ ಗುಂಪುಗಳಲ್ಲಿ ಚರ್ಚೆ ಮತ್ತು ಪ್ರಾಯೋಗಿಕ, 20 ಗಂಟೆ ಸ್ವಂತ ಕಲಿಕೆ. ಜೊತೆಗೆ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳಿಗೆ ರೋಗಿಗಳ ಪರಿಚಯ ಆಗಬೇಕು ಎಂಬ ನಿಯಮ.

ಓದಿದರೆ ಖುಷಿಯಾಗುತ್ತೆ. ಈ ದಾರಿಗೆ ಪುರಾವೆಯೂ ಇದೆ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಪಾಠಗಳ ಬಗೆಗಿನ 225 ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಚರ್ಚೆ, ಸಮಸ್ಯೆ ಬಿಡಿಸುವಿಕೆ ಇರುವ ತರಗತಿಗಳಿಗೆ ಹೋಲಿಸಿದರೆ ಬರೀ ಉಪನ್ಯಾಸ ಕೇಳಿದವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು ಹೆಚ್ಚಿತ್ತು.

ಹಾಗಾದ್ರೆ ತರಗತಿಯಲ್ಲಿ ಏನೂ ಬದಲಾಗಿಲ್ಲ ಅನ್ನಿಸೋದು ಯಾಕೆ?

ಒಂದು ಲೆಕ್ಕ ಹಾಕೋಣ. 150 ಸೀಟಿನ ಕಾಲೇಜು. ಹದಿನೈದು ಜನರ ಗುಂಪು ಮಾಡಿದರೆ ಹತ್ತು ಗುಂಪು. ಗುಂಪಿಗೆ ಒಬ್ಬ ಮೇಷ್ಟ್ರು ಅಂದ್ರೆ 150 ಗಂಟೆಗೆ 1500 ಬೋಧಕ-ಗಂಟೆ ಬೇಕು. ವಿಭಾಗದಲ್ಲಿ ಐದು ಜನ ಇದ್ದರೆ ತಲಾ ವರ್ಷಕ್ಕೆ 300 ಗಂಟೆ. ಕಷ್ಟ, ಆದರೆ ಅಸಾಧ್ಯವಲ್ಲ. ಆದರೆ ಆ ಐದು ಜನರಲ್ಲಿ ಇಬ್ಬರು ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದರೆ? ಬೋಧಕರ ಹಾಜರಿಗೆ ಆಧಾರ್ ಬಯೋಮೆಟ್ರಿಕ್, 2025ರಿಂದ ಮುಖ ಗುರುತಿಸುವ ವ್ಯವಸ್ಥೆ ತರಬೇಕಾಗಿ ಬಂದಿದ್ದೇ ಸಮಸ್ಯೆ ಎಷ್ಟು ಆಳವಾಗಿದೆ ಎಂದು ಹೇಳುತ್ತೆ. ಆಗ ಸಣ್ಣ ಗುಂಪಿನ ಚರ್ಚೆ ಎಂದರೆ ಅದೇ ದೊಡ್ಡ ಹಾಲ್, ಅದೇ ಪವರ್‌ಪಾಯಿಂಟ್, ಲಾಗ್‌ಬುಕ್‌ಗೆ ಮಾತ್ರ ಬೇರೆ ಸಹಿ.

ಪಾಠ ಮಾಡೋರು ಯಾರು?

ಬಯೋಕೆಮಿಸ್ಟ್ರಿಯಲ್ಲಿ ಎಂಡಿ ಮಾಡಲು ಯುವ ಡಾಕ್ಟರ್‌ಗಳಿಗೆ ಆಸಕ್ತಿ ಕಡಿಮೆ. ಪ್ರಾಕ್ಟೀಸ್ ಇಲ್ಲ, ದುಡ್ಡಿಲ್ಲ. ಪ್ರತಿ ವರ್ಷ ಖಾಲಿ ಉಳಿಯುವ ಸ್ನಾತಕೋತ್ತರ ಸೀಟುಗಳಲ್ಲಿ ಇಂಥ ಮೂಲ ವಿಷಯಗಳದ್ದೇ ದೊಡ್ಡ ಪಾಲು. 2023ರಲ್ಲಿ ನೀಟ್-ಪಿಜಿ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರಲ್ಲ, ಸೀಟು ಖಾಲಿ ಉಳಿಯಬಾರದು ಎಂಬುದೇ ಅದರ ಹಿಂದಿನ ಕಾರಣ.

ಈ ಕೊರತೆಯನ್ನು ಬಹಳ ವರ್ಷ ತುಂಬಿದವರು ಎಂಬಿಬಿಎಸ್ ಮಾಡದೆ, ಮೆಡಿಕಲ್ ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ, ಪಿಎಚ್‌ಡಿ ಮಾಡಿದವರು. ವಿಭಾಗದಲ್ಲಿ ಶೇ 50ರವರೆಗೆ ಅವರಿಗೆ ಅವಕಾಶ ಇತ್ತು. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಶೇ 15ಕ್ಕೆ ಇಳಿಸಿತು. ಡಾಕ್ಟರ್‌ಗಳಿಗೆ ಡಾಕ್ಟರ್‌ಗಳೇ ಪಾಠ ಮಾಡಲಿ, ಆಗ ರೋಗಿಗಳ ಜೊತೆ ನಂಟು ಬರುತ್ತೆ ಎಂಬ ವಾದ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಆ ಜಾಗಕ್ಕೆ ಬರುವ ಡಾಕ್ಟರ್‌ಗಳು ಇದ್ದಾರಾ ಎಂದು ಮೊದಲು ನೋಡಬೇಕಿತ್ತು. ಅದೇ ದಶಕದಲ್ಲಿ ಎಂಬಿಬಿಎಸ್ ಸೀಟುಗಳು 2014ರ ಸುಮಾರು 51 ಸಾವಿರದಿಂದ 1.15 ಲಕ್ಷ ದಾಟಿದವು. ಕಡೆಗೆ 2025ರಲ್ಲಿ ಆಯೋಗವೇ ದಾರಿ ಸಡಿಲಿಸಿ, ಎಂಎಸ್ಸಿ-ಪಿಎಚ್‌ಡಿ ಬೋಧಕರನ್ನು ನೇಮಿಸಬಹುದಾದ ವಿಭಾಗಗಳ ಪಟ್ಟಿಗೆ ಫಾರ್ಮಕಾಲಜಿ ಮತ್ತು ಮೈಕ್ರೋಬಯಾಲಜಿಯನ್ನೂ ಸೇರಿಸಿತು. ಐದು ವರ್ಷದಲ್ಲಿ ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ.

ಎಂಎಸ್ಸಿ ಮೇಷ್ಟ್ರಾ, ಎಂಡಿ ಮೇಷ್ಟ್ರಾ ಎಂಬ ಜಗಳದಲ್ಲಿ ಮುಖ್ಯ ವಿಷಯ ಕಳೆದುಹೋಗಿದೆ. ರಸಾಯನಶಾಸ್ತ್ರ ಆಳವಾಗಿ ಗೊತ್ತಿರುವ ಒಬ್ಬರು, ವಾರ್ಡ್‌ನಿಂದ ಇಳಿದು ಬಂದ ಮೆಡಿಸಿನ್ ವಿಭಾಗದ ಒಬ್ಬರು ತಿಂಗಳಿಗೆ ಎರಡು ಸಲ ಒಂದೇ ಕ್ಲಾಸ್‌ನಲ್ಲಿ ಜೊತೆಗೆ ನಿಂತರೆ ಸಾಕು. ಇದಕ್ಕೆ ಹೊಸ ಹುದ್ದೆ ಬೇಡ, ಟೈಮ್‌ಟೇಬಲ್ ಬದಲಾದರೆ ಆಯ್ತು.

ಸ್ಟೀಮ್ ಟೇಬಲ್ ಕೊಟ್ಟ ಪರೀಕ್ಷೆ

ಇಷ್ಟೆಲ್ಲ ಸರಿಹೋದರೂ ಒಂದು ಬದಲಾಗದಿದ್ದರೆ ಏನೂ ಬದಲಾಗಲ್ಲ. ಅದು ಪರೀಕ್ಷೆ. ವಿದ್ಯಾರ್ಥಿಗಳು ಪಠ್ಯಕ್ರಮ ಓದಲ್ಲ, ಹಳೇ ಪ್ರಶ್ನೆಪತ್ರಿಕೆ ಓದ್ತಾರೆ. ನಾವೂ ಹಾಗೇ ಮಾಡಿದ್ದು.

ಮೆಡಿಕಲ್ ಹಾಸ್ಟೆಲ್‌ಗಳಲ್ಲಿ "ಕ್ಯಾನ್ ಐ ಕೀಪ್ ಸೆಲ್ಲಿಂಗ್ ಸಬ್‌ಸ್ಟೆನ್ಸಸ್ ಫಾರ್ ಮನಿ, ಆಫೀಸರ್" ಎಂಬ ವಾಕ್ಯ ಎಲ್ಲರ ಬಾಯಲ್ಲೂ ಇರುತ್ತೆ. ಒಂದೊಂದು ಪದದ ಮೊದಲಕ್ಷರ ಹಿಡಿದರೆ ಸಿಟ್ರೇಟ್‌ನಿಂದ ಆಕ್ಸಲೋಅಸಿಟೇಟ್‌ವರೆಗೆ ಕ್ರೆಬ್ಸ್ ಸೈಕಲ್‌ನ ಹೆಸರುಗಳು ಸಾಲಾಗಿ ಬರುತ್ತವೆ. ಯಾಕೆ ಬೇಕು ಈ ಸರ್ಕಸ್? ಯಾಕಂದ್ರೆ "ಸಿಟ್ರಿಕ್ ಆಮ್ಲ ಚಕ್ರವನ್ನು ಚಿತ್ರಸಹಿತ ವಿವರಿಸಿ" ಎಂಬ ಪ್ರಶ್ನೆಗೆ ಹತ್ತು ಅಂಕ. ಈಗ ಪತ್ರಿಕೆಗಳಲ್ಲಿ ಕೇಸ್ ಆಧಾರಿತ ಪ್ರಶ್ನೆಗಳೂ ಬರುತ್ತವೆ ನಿಜ. ಆದರೆ ಅವೂ ಅಚ್ಚಿನಲ್ಲಿ ಎರೆದಂತೆ ಇರುತ್ತವೆ. "ಮಗುವಿನ ಮೂತ್ರ ಗಾಳಿಗಿಟ್ಟರೆ ಕಪ್ಪಾಗುತ್ತೆ" ಎಂಬ ಸಾಲು ಕಂಡರೆ ಆಲ್ಕಾಪ್ಟೋನ್ಯೂರಿಯಾ ಎಂದು ಬರೆದು ಮುಂದೆ ಹೋಗೋದು. ಯೋಚನೆ ಬೇಡ, ಗುರುತು ಹಿಡಿದರೆ ಸಾಕು.

ನಮ್ಮ ಥರ್ಮೊಡೈನಮಿಕ್ಸ್ ಪರೀಕ್ಷೆ ನೆನಪಾಗುತ್ತೆ. ಪ್ರಶ್ನೆಪತ್ರಿಕೆಯ ತುದಿಯಲ್ಲೇ ಬರೆದಿರುತ್ತಿತ್ತು, ಸ್ಟೀಮ್ ಟೇಬಲ್ ಬಳಸಬಹುದು ಅಂತ. ಮಷೀನ್ ಡಿಸೈನ್‌ಗೆ ದಪ್ಪನೆಯ ಡೇಟಾ ಹ್ಯಾಂಡ್‌ಬುಕ್ ಒಯ್ಯಬಹುದಿತ್ತು. ಇಂಜಿನಿಯರಿಂಗ್ ಶಿಕ್ಷಣದಲ್ಲಿ ನೂರು ಹುಳುಕಿದೆ, ಆದರೆ ಇದೊಂದನ್ನು ಸರಿ ಮಾಡಿದ್ದರು. ಇಂಥ ಒತ್ತಡದಲ್ಲಿ ಹಬೆಯ ಎಂಥಾಲ್ಪಿ ಎಷ್ಟು ಎಂದು ಬಾಯಿಪಾಠ ಮಾಡಿದವನು ಇಂಜಿನಿಯರ್ ಆಗಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಟೇಬಲ್ ಕೈಯಲ್ಲಿದ್ದರೂ ಅರ್ಧ ಕ್ಲಾಸ್ ಫೇಲಾಗುತ್ತಿತ್ತು. ಯಾಕಂದ್ರೆ ಯಾವ ಸಾಲು ನೋಡಬೇಕು ಅಂತ ಗೊತ್ತಾಗಬೇಕಲ್ಲ.

ಬಯೋಕೆಮಿಸ್ಟ್ರಿ ಪರೀಕ್ಷೆಯಲ್ಲೂ ಇದನ್ನು ಮಾಡಬಹುದು. ಚಯಾಪಚಯದ ಪೂರ್ತಿ ನಕ್ಷೆಯನ್ನು ಪ್ರಶ್ನೆಪತ್ರಿಕೆ ಜೊತೆ ಕೊಟ್ಟುಬಿಡಿ. ಗ್ಲೈಕಾಲಿಸಿಸ್, ಕ್ರೆಬ್ಸ್, ಯೂರಿಯಾ ಸೈಕಲ್ ಎಲ್ಲ ಅದರಲ್ಲಿರಲಿ. ಆಮೇಲೆ ಹೀಗೆ ಕೇಳಿ:

ಹತ್ತೊಂಬತ್ತು ವರ್ಷದ ಯುವಕ. ಟೈಪ್ 1 ಡಯಾಬಿಟಿಸ್. ಮೂರು ದಿನದಿಂದ ಇನ್ಸುಲಿನ್ ತೆಗೆದುಕೊಂಡಿಲ್ಲ. ಜೋರಾಗಿ, ಆಳವಾಗಿ ಉಸಿರಾಡುತ್ತಿದ್ದಾನೆ. ರಕ್ತದಲ್ಲಿ ಸಕ್ಕರೆ, ಕೀಟೋನ್ ಎರಡೂ ಏರಿವೆ. ಪೊಟ್ಯಾಸಿಯಂ ರಿಪೋರ್ಟ್ ನಾರ್ಮಲ್ ಇದೆ. ರಕ್ತದಲ್ಲಿ ಇಷ್ಟು ಸಕ್ಕರೆ ಇದ್ದೂ ದೇಹ ಕೊಬ್ಬನ್ನು ಯಾಕೆ ಸುಡುತ್ತಿದೆ? ಉಸಿರಾಟ ಯಾಕೆ ಹೀಗಾಯ್ತು? ಇನ್ಸುಲಿನ್ ಶುರು ಮಾಡಿದ ಮೇಲೆ ಪೊಟ್ಯಾಸಿಯಂ ಏನಾಗುತ್ತೆ?

ಕೊನೆಯ ಪ್ರಶ್ನೆಯಲ್ಲಿ ಒಂದು ಜೀವ ಇದೆ. ಆ ಹುಡುಗನ ದೇಹದಲ್ಲಿ ಒಟ್ಟಾರೆ ಪೊಟ್ಯಾಸಿಯಂ ಮೂತ್ರದ ಜೊತೆ ಹರಿದುಹೋಗಿ ಖಾಲಿಯಾಗಿರುತ್ತೆ. ಇನ್ಸುಲಿನ್ ಇಲ್ಲದ ಕಾರಣ ಉಳಿದದ್ದು ಜೀವಕೋಶದೊಳಗಿಂದ ರಕ್ತಕ್ಕೆ ಬಂದು ನಿಂತಿರುತ್ತೆ, ಅದಕ್ಕೇ ರಿಪೋರ್ಟ್ ನಾರ್ಮಲ್. ಇನ್ಸುಲಿನ್ ಕೊಟ್ಟ ತಕ್ಷಣ ಅದು ಮತ್ತೆ ಕೋಶದೊಳಕ್ಕೆ ನುಗ್ಗುತ್ತೆ. ರಕ್ತದಲ್ಲಿ ಮಟ್ಟ ಕುಸಿಯುತ್ತೆ, ಹೃದಯದ ಬಡಿತ ತಪ್ಪಬಹುದು, ನಿಲ್ಲಲೂಬಹುದು. ಇದನ್ನು ಅರ್ಥ ಮಾಡಿಕೊಂಡ ಇಂಟರ್ನ್ ರಾತ್ರಿ ಎರಡು ಗಂಟೆಗೆ ನಾರ್ಮಲ್ ಎಂದು ಬರೆದ ರಿಪೋರ್ಟ್ ನೋಡಿ ನಿದ್ದೆ ಮಾಡಲ್ಲ, ಮತ್ತೆ ಟೆಸ್ಟ್ ಮಾಡಿಸ್ತಾನೆ.

ಪ್ರೋಟೋಕಾಲ್ ಇದೆಯಲ್ಲ, ಗೋಡೆಗೆ ಅಂಟಿಸಿರ್ತಾರೆ, ಅದನ್ನು ನೋಡಿ ಮಾಡಿದರಾಯ್ತು ಎನ್ನುವವರಿದ್ದಾರೆ. ನಿಜ, ಪ್ರೋಟೋಕಾಲ್‌ಗಳು ಜೀವ ಉಳಿಸುತ್ತವೆ. ಆದರೆ ಅದೇ ಹುಡುಗನಿಗೆ ಕಿಡ್ನಿ ತೊಂದರೆಯೂ ಇದ್ದರೆ? ಗೋಡೆ ಮೇಲಿನ ಕಾಗದ ಮುಗಿಯುವ ಕಡೆ ಕಾರಣ ಗೊತ್ತಿರುವ ಡಾಕ್ಟರ್ ಬೇಕಾಗುತ್ತೆ.

ರೋಗಿಗಳು ಇಲ್ಲೇ ಇದ್ದಾರೆ

ಪಠ್ಯಪುಸ್ತಕದ ಉದಾಹರಣೆಗಳ ಬಗ್ಗೆಯೂ ಒಂದು ಮಾತು. ಫಿನೈಲ್‌ಕೀಟೋನ್ಯೂರಿಯಾ ಬಗ್ಗೆ ಪುಟಗಟ್ಟಲೆ ಇರುತ್ತೆ. ಮುಖ್ಯವಾದ ರೋಗವೇ, ಆದರೆ ನಮ್ಮಲ್ಲಿ ಅಪರೂಪ. ಕರ್ನಾಟಕದ ಯಾವ ಜಿಲ್ಲಾಸ್ಪತ್ರೆಗೆ ಹೋದರೂ ಕೀಟನಾಶಕ ಕುಡಿದು ಬಂದ ರೈತರು ಸಿಗ್ತಾರೆ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಕೃಷಿಕರ ಆತ್ಮಹತ್ಯೆಯಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮದು. ಆರ್ಗನೊಫಾಸ್ಫೇಟ್ ವಿಷ ಮಾಡುವುದೇನು? ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಎಂಜೈಮ್‌ಗೆ ಅಂಟಿಕೊಂಡು ಬೀಗ ಜಡಿಯುತ್ತೆ. ಬಾಯಲ್ಲಿ ನೊರೆ, ಸೂಜಿಮೊನೆಯಂಥ ಕಣ್ಣಪಾಪೆ, ಉಸಿರು ಕಟ್ಟುವುದು ಎಲ್ಲ ಅದರಿಂದಲೇ. ಪ್ರಾಲಿಡಾಕ್ಸೈಮ್ ಕೊಡುವುದಾದರೆ ಬೇಗ ಕೊಡಬೇಕು, ಯಾಕಂದ್ರೆ ಹೊತ್ತಾದಂತೆ ಆ ಬೀಗ ತೆಗೆಯಲಾಗದಷ್ಟು ಗಟ್ಟಿಯಾಗುತ್ತೆ. ಎಂಜೈಮ್ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆ ಪೀಠಿಕೆ ಬೇಕಾ?

ರಕ್ತಹೀನತೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ, ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಕಬ್ಬಿಣದ ಮಾತ್ರೆಯನ್ನು ಊಟದ ನಂತರ ಟೀ ಜೊತೆ ನುಂಗಿದರೆ ಯಾಕೆ ಹತ್ತಲ್ಲ, ನಿಂಬೆರಸ ಯಾಕೆ ಒಳ್ಳೇದು ಎಂದು ಒಬ್ಬ ತಾಯಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಬಂದರೆ ಕಬ್ಬಿಣದ ಚಯಾಪಚಯ ಅರ್ಥವಾದಂತೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಇದಕ್ಕೆ ಹತ್ತು ಅಂಕ ಇಡಿ.

ಭಾಷೆಯ ಮಾತು ಬಂತು ಅಂತ ಇನ್ನೊಂದು. 2022ರ ಅಕ್ಟೋಬರ್‌ನಲ್ಲಿ ಭೋಪಾಲ್‌ನಲ್ಲಿ ಹಿಂದಿಯ ಎಂಬಿಬಿಎಸ್ ಪುಸ್ತಕಗಳು ಬಿಡುಗಡೆಯಾದವು. ಮೊದಲ ಮೂರರಲ್ಲಿ ಬಯೋಕೆಮಿಸ್ಟ್ರಿಯೂ ಒಂದು. ತಾಯ್ನುಡಿಯಲ್ಲಿ ಕಲಿಯುವುದು ಒಳ್ಳೆಯದೇ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ವರ್ಷ ಪಡುವ ಪಾಡು ಕಂಡವರಿಗೆ ಇದು ಗೊತ್ತು. ಆದರೆ ಪ್ರಶ್ನೆ ಅದೇ ಇದ್ದರೆ ಬಾಯಿಪಾಠದ ಲಿಪಿ ಮಾತ್ರ ಬದಲಾಗುತ್ತೆ.

ಕೇಸ್‌ಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಎಷ್ಟೋ ಬೋಧನಾ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಲ್ಯಾಬ್ ನಡೆಸುವುದೇ ಬಯೋಕೆಮಿಸ್ಟ್ರಿ ವಿಭಾಗ. ಮೇಲಿನ ಮಹಡಿಯಲ್ಲಿ ವಿದ್ಯಾರ್ಥಿಗಳು ಬೆನೆಡಿಕ್ಟ್ ದ್ರಾವಣ ಕಾಯಿಸಿ ಬಣ್ಣ ನೋಡುತ್ತಿರುತ್ತಾರೆ, ಕೆಳಗೆ ಯಂತ್ರದಿಂದ ನೂರಾರು ರಿಪೋರ್ಟ್ ಹೊರಬರುತ್ತಿರುತ್ತವೆ. ಹೆಸರು ತೆಗೆದು ವಾರಕ್ಕೆ ಒಂದು ರಿಪೋರ್ಟ್ ತರಗತಿಗೆ ತನ್ನಿ. ಈ ಮನುಷ್ಯನಿಗೆ ಏನಾಗಿದೆ, ಯಾಕೆ, ಮುಂದಿನ ಟೆಸ್ಟ್ ಯಾವುದು ಎಂದು ಕೇಳಿ. ಅದೇ ಕೇಸನ್ನು ಎರಡನೇ ವರ್ಷ ಫಾರ್ಮಕಾಲಜಿಯಲ್ಲಿ, ಕೊನೆಯ ವರ್ಷ ಮೆಡಿಸಿನ್ ವಾರ್ಡ್‌ನಲ್ಲಿ ಮತ್ತೆ ತೆಗೆಯಿರಿ. ಒಮ್ಮೆ ಓದಿ ಬಿಟ್ಟದ್ದು ಮರೆಯುತ್ತೆ, ಮೂರು ಸಲ ಬೇರೆ ಬೇರೆ ಕಡೆ ಎದುರಾದದ್ದು ಅಷ್ಟು ಸುಲಭಕ್ಕೆ ಮರೆಯಲ್ಲ.

ಲ್ಯಾಬ್‌ನಲ್ಲಿ ಕಥೆಯೂ ಇರಲಿ. ರಕ್ತದ ಫಾಸ್ಫರಸ್ ಅಳೆಯುವ ಫಿಸ್ಕೆ-ಸುಬ್ಬರಾವ್ ವಿಧಾನ 1925ರದ್ದು. ಆ ಸುಬ್ಬರಾವ್ ಯಾರು? ಭೀಮಾವರಂನಲ್ಲಿ ಹುಟ್ಟಿ, ಮದ್ರಾಸ್‌ನಲ್ಲಿ ವೈದ್ಯಕೀಯ ಓದಿದ ಯೆಲ್ಲಾಪ್ರಗಡ ಸುಬ್ಬರಾವ್. ಒಡಹುಟ್ಟಿದವರನ್ನು ಸ್ಪ್ರೂ ಎಂಬ ಕಾಯಿಲೆಗೆ ಕಳೆದುಕೊಂಡವರು. ಆಮೇಲೆ ಅಮೆರಿಕದಲ್ಲಿ ಫೋಲಿಕ್ ಆಮ್ಲದ ಬೆನ್ನು ಹತ್ತಿದರು. ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್‌ನಿಂದ 1940ರ ದಶಕದ ಕೊನೆಗೆ ಬಾಸ್ಟನ್‌ನಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು. ಅದು ಕೆಲಸ ಮಾಡುವುದು ಹೇಗೆ? ಎಂಜೈಮ್ ಮುಂದೆ ಫೋಲೇಟ್ ವೇಷ ಹಾಕಿ ನಿಂತು. ಕಳ್ಳಭಟ್ಟಿ ರೋಗಿಗೆ ಎಥನಾಲ್ ಕೊಡುವ ತತ್ವವೇ.

ಬಾಯಿಪಾಠ ಪೂರ್ತಿ ಬೇಡ ಅಂತ ಹೇಳ್ತಿಲ್ಲ. ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ ಎಷ್ಟಿರಬೇಕು ಎಂದು ನಿದ್ದೆಗಣ್ಣಲ್ಲೂ ಹೇಳಲು ಬರಬೇಕು. ಏನೂ ನೆನಪಿಲ್ಲದ ತಲೆ ಯೋಚನೆಯನ್ನೂ ಮಾಡಲಾರದು. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ಶುರು ಮಾಡಿದ ಸಮಸ್ಯೆ ಆಧಾರಿತ ಕಲಿಕೆಗೂ ಮೂಲವಿಜ್ಞಾನದ ಅಡಿಪಾಯ ತೆಳುವಾಗುತ್ತೆ ಎಂಬ ಟೀಕೆ ಬಂದಿದೆ. ಹಾಗಾಗಿ ಯಾವುದು ನೆನಪಿರಬೇಕು, ಯಾವುದನ್ನು ನೋಡಿ ತಿಳಿಯಬಹುದು ಎಂದು ಪಟ್ಟಿ ಮಾಡುವ ಕೆಲಸ ಮೊದಲು ಆಗಬೇಕು. ಆ ಪಟ್ಟಿ ಮಾಡಲು, ನಕ್ಷೆಯೊಂದಿಗೆ ಒಂದು ಪತ್ರಿಕೆಯನ್ನಾದರೂ ಪ್ರಯೋಗ ಮಾಡಿ ನೋಡಲು ದೆಹಲಿಯ ದಾರಿ ಕಾಯಬೇಕಿಲ್ಲ. ಕಾಲೇಜುಗಳ ಆಂತರಿಕ ಪರೀಕ್ಷೆಯಲ್ಲಿ ನಾಳೆಯೇ ಶುರು ಮಾಡಬಹುದು. ಅಲ್ಲಿ ಗೆದ್ದರೆ ಅಂತಿಮ ಪರೀಕ್ಷೆ ನಡೆಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮುಂದಿನ ಹೆಜ್ಜೆ ಇಡಲಿ.

ಅವತ್ತು ಚಿಕ್ಕಪ್ಪನ ಮಗಳ ಹತ್ತಿರ ಮಾತು ಅಲ್ಲಿಗೇ ಮುಗಿಯಲಿಲ್ಲ. ಅವಳು ಬರೆದ ಗ್ರಾಫ್ ಪಕ್ಕದಲ್ಲೇ ನಾನು ಮೆಥನಾಲ್, ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಮ್ಲ ಎಂದು ಮೂರು ಹೆಸರು ಬರೆದು, ನಡುವೆ ಬಾಣ ಹಾಕಿ, ಎಂಜೈಮ್ ಹೆಸರು ಬರೆದೆ. ಎಥನಾಲ್ ಎಲ್ಲಿ ಬರುತ್ತೆ ಹೇಳು ಅಂದೆ. ಅರ್ಧ ನಿಮಿಷ ನೋಡಿ ಮೊದಲ ಬಾಣದ ಮೇಲೆ ಬೆರಳಿಟ್ಟಳು. "ಓ, ಇದಕ್ಕಾ!" ಅಂದಳು. ಆಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು: "ಹಂಗಾದ್ರೆ ಅವರು ಆಸ್ಪತ್ರೆಗೆ ತಡವಾಗಿ ಬಂದ್ರೆ, ಅಷ್ಟೊತ್ತಿಗೆ ಫಾರ್ಮಿಕ್ ಆಸಿಡ್ ಆಗಿಹೋಗಿದ್ರೆ, ಎಥನಾಲ್ ಒಂದೇ ಸಾಲಲ್ಲ ಅಲ್ವಾ?"

ಸಾಲಲ್ಲ. ಆಗ ಡಯಾಲಿಸಿಸ್ ಬೇಕು, ಬೈಕಾರ್ಬನೇಟ್ ಬೇಕು. ಅದನ್ನು ನಾನು ಹೇಳಿಕೊಡುವ ಮೊದಲೇ ಅವಳು ಕೇಳಿದ್ದಳು.